ಲೇಬಲ್ ಕಿತ್ತುಹೋದ ರ‍್ಯಾಮ್ ಮತ್ತು ಹಳೇ ಜಿ41 ಬೋರ್ಡು

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದ ಆಫೀಸಿನಲ್ಲಿ ಹಳೇ ಡೆಸ್ಕ್‌ಟಾಪ್ ಒಂದಿದೆ. ಇಂಟೆಲ್ ಜಿ41 ಚಿಪ್‌ಸೆಟ್ (ಬೋರ್ಡಿನ ಮೇಲೆ ಪ್ರೊಸೆಸರ್, ರ‍್ಯಾಮ್ ಎಲ್ಲವನ್ನೂ ಬೆಸೆಯುವ ಚಿಪ್), ಕೋರ್ 2 ಡ್ಯುಯೊ ಇ7500 ಪ್ರೊಸೆಸರ್, ಡಿಡಿಆರ್3 ಅನ್ನುವ ಬಗೆಯ ರ‍್ಯಾಮ್‌ಗೆ ಸ್ಲಾಟ್ ಎರಡು. ಒಂದು ಸ್ಲಾಟಿನಲ್ಲಿ 2 ಜಿಬಿ ರ‍್ಯಾಮ್, ಇನ್ನೊಂದು ಖಾಲಿ. ತೋಟದ ರೈಟರ್ (ಗುಮಾಸ್ತರು) ಅದರಲ್ಲೇ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪಟ್ಟಿ ತುಂಬಿಸುತ್ತಾರೆ, ಕಾಫಿ ಕುಯ್ಲಿನ ಸಮಯದಲ್ಲಿ ಕೆಲಸದವರ ಸಂಬಳದ ಲೆಕ್ಕ ಹಾಕುತ್ತಾರೆ. ಲೆಕ್ಕದ ಹಾಳೆ ಒಂದು, ಬ್ರೌಸರ್ ಒಂದು ಒಟ್ಟಿಗೆ ತೆರೆದರೆ ಸಾಕು, ಮೌಸ್ ಕೂಡ ಅಲ್ಲಾಡುವುದಿಲ್ಲ.

"ಹೊಸದು ಕೇಳಿದ್ರೆ ಸಾಹುಕಾರ್ರು ಈ ಸಲದ ಕುಯ್ಲು ಮುಗೀಲಿ ಅಂತಾರೆ. ಇದನ್ನೇ ಏನಾದ್ರೂ ಮಾಡು ಮಾರಾಯ" ಅಂದರು ರೈಟರ್. ಎಸ್‌ಎಸ್‌ಡಿ ಹೋದ ವರ್ಷವೇ ಹಾಕಿ ಆಗಿತ್ತು. ಉಳಿದಿದ್ದು ರ‍್ಯಾಮ್.

ಜಿ41ಗೆ ಹೆಚ್ಚೆಂದರೆ 8 ಜಿಬಿ. ಎರಡೇ ಸ್ಲಾಟ್ ಇದ್ದರೆ 4 ಜಿಬಿಯ ರ‍್ಯಾಮ್ ಸ್ಟಿಕ್ ಎರಡು ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಳೇ ಡಿಡಿಆರ್3 ಸ್ಟಿಕ್‌ಗಳ ಒಂದು ಕಟ್ಟು ತರಿಸಿದೆ. ಕಡಿಮೆ ಬೆಲೆ, ಯಾಕೆ ಕಡಿಮೆ ಅಂತ ಕಟ್ಟು ಬಿಚ್ಚಿದಾಗ ಗೊತ್ತಾಯಿತು. ಅರ್ಧಕ್ಕರ್ಧ ಸ್ಟಿಕ್‌ಗಳಿಗೆ ಲೇಬಲ್ಲೇ ಇಲ್ಲ, ಗೋಂದಿನ ಕಲೆ ಮಾತ್ರ. ಇನ್ನು ಕೆಲವಕ್ಕೆ ಅಂಗಡಿಯವರೇ ಪ್ರಿಂಟ್ ಹೊಡೆದು ಅಂಟಿಸಿದ "4 ಜಿಬಿ 1333" ಅನ್ನೋ ಚೀಟಿ. ಆ ಚೀಟಿಯನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅದು ಮಾರುವವರ ಮಾತು, ಅಷ್ಟೇ. ಸ್ಟಿಕ್ ನಿಜವಾಗಿ ಏನು ಅಂತ ಹೇಳುವುದು ಅದರ ಮೇಲೆ ಕೂತಿರುವ ಕಪ್ಪು ಚಿಪ್‌ಗಳು.

ಎಲ್ಲ 4 ಜಿಬಿಯೂ ಒಂದೇ ಅಲ್ಲ

ಜಿ41 ಬೋರ್ಡಿಗೆ "4 ಜಿಬಿ ಡಿಡಿಆರ್3" ಅಂತ ಕೇಳಿ ತಂದು, ಅದು ಬೂಟ್ ಆಗದೆ, ಬೋರ್ಡೇ ಹೋಗಿದೆ ಅಂದುಕೊಂಡವರನ್ನು ಬಹಳ ಜನ ನೋಡಿದ್ದೇನೆ. ಬೋರ್ಡ್ ಸರಿಯಾಗಿಯೇ ಇರುತ್ತದೆ. ಯಾವ 4 ಜಿಬಿ ಅನ್ನುವುದು ಪ್ರಶ್ನೆ.

ಲೆಕ್ಕ ಸುಲಭ. ಸ್ಟಿಕ್‌ನಿಂದ ಬೋರ್ಡಿಗೆ ಒಂದು ಸಲಕ್ಕೆ 64 ಬಿಟ್ ಹೋಗಬೇಕು. ಒಂದು ಚಿಪ್ 8 ಬಿಟ್ ಕೊಡುವಂಥದ್ದಾದರೆ 8 ಚಿಪ್ ಸೇರಿ 64 ಆಗುತ್ತದೆ. ಹೀಗೆ 64 ಬಿಟ್ ತುಂಬಿಸುವ ಒಂದು ಗುಂಪಿಗೆ ರ‍್ಯಾಂಕ್ ಅನ್ನುತ್ತಾರೆ. ಚಿಪ್ 4 ಬಿಟ್‌ನದಾದರೆ ಒಂದು ರ‍್ಯಾಂಕಿಗೇ 16 ಚಿಪ್ ಬೇಕು. ಇನ್ನೊಂದು ವಿಷಯ: ಚಿಪ್ ಮೇಲೆ 2ಜಿ ಅಂತ ಇದ್ದರೆ ಅದು 2 ಗಿಗಾಬಿಟ್, ಗಿಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿ. ಅಂದರೆ ಒಂದು ಚಿಪ್‌ನಲ್ಲಿ 256 ಎಂಬಿ.

ಈಗ 4 ಜಿಬಿ ಮಾಡಲು ಮೂರು ದಾರಿ ಇವೆ. 2 ಗಿಗಾಬಿಟ್‌ನ, 8 ಬಿಟ್ ಅಗಲದ ಚಿಪ್ 16 ಹಾಕಿದರೆ ಎರಡು ರ‍್ಯಾಂಕ್. ಲೇಬಲ್ಲಿನಲ್ಲಿ 2ಆರ್‌ಎಕ್ಸ್8 ಅಂತ ಇರುತ್ತದೆ. 4 ಗಿಗಾಬಿಟ್‌ನ, 8 ಬಿಟ್ ಅಗಲದ ಚಿಪ್ 8 ಹಾಕಿದರೆ ಒಂದೇ ರ‍್ಯಾಂಕ್, 1ಆರ್‌ಎಕ್ಸ್8. 2 ಗಿಗಾಬಿಟ್‌ನ, 4 ಬಿಟ್ ಅಗಲದ ಚಿಪ್ 16 ಹಾಕಿದರೂ ಒಂದೇ ರ‍್ಯಾಂಕ್, 1ಆರ್‌ಎಕ್ಸ್4.

ಜಿ41ಗೆ ಇದರಲ್ಲಿ ಮೊದಲನೆಯದು ಮಾತ್ರ ಆಗುತ್ತದೆ. 2008ರ ಹೊತ್ತಿನ ಈ ಚಿಪ್‌ಸೆಟ್‌ನ ಮೆಮೊರಿ ಕಂಟ್ರೋಲರ್‌ಗೆ 1 ಮತ್ತು 2 ಗಿಗಾಬಿಟ್ ಚಿಪ್ ಗೊತ್ತು, 8 ಮತ್ತು 16 ಬಿಟ್ ಅಗಲ ಗೊತ್ತು. ಅದರಾಚೆಗಿನದು ಗೊತ್ತಿಲ್ಲ. ಚಿಪ್ ಒಳಗೆ ಮಾಹಿತಿ ಸಾಲು ಮತ್ತು ಕಾಲಮ್‌ಗಳಲ್ಲಿ ಕೂತಿರುತ್ತದೆ. 8 ಬಿಟ್ ಅಗಲದ 2 ಗಿಗಾಬಿಟ್ ಚಿಪ್‌ಗೆ ಸಾಲಿನ ವಿಳಾಸ ಹೇಳಲು 15 ಬಿಟ್ ಸಾಕು. 4 ಗಿಗಾಬಿಟ್ ಚಿಪ್‌ಗೆ 16 ಬೇಕು. 4 ಬಿಟ್ ಅಗಲದ 2 ಗಿಗಾಬಿಟ್ ಚಿಪ್‌ಗೆ ಸಾಲು 15 ಬಿಟ್ಟೇ, ಆದರೆ ಕಾಲಮ್ 10ರ ಬದಲು 11. ಕಂಟ್ರೋಲರ್ ಈ ಲೆಕ್ಕಕ್ಕೆ ತಯಾರಾಗಿಲ್ಲ, ಹಾಗಾಗಿ ಬೀಪ್ ಹೊಡೆದು ಕೂತುಬಿಡುತ್ತದೆ.

ಮಜಾ ಇರುವುದು ಇಲ್ಲಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಎರಡೂ ಬದಿಯಲ್ಲಿ ಎಂಟೆಂಟು ಚಿಪ್. ನೋಡಲು ತದ್ರೂಪು. "ಹದಿನಾರು ಚಿಪ್ ಇರೋದು ತಗೋ, ಜಿ41ಗೆ ನಡೆಯುತ್ತೆ" ಅಂತ ಅಂಗಡಿಗಳಲ್ಲಿ ಹೇಳುತ್ತಾರಲ್ವಾ, ಆ ಮಾತು ಅರ್ಧ ಸತ್ಯ. ಚಿಪ್ ಎಷ್ಟಿದೆ ಅಂತ ಎಣಿಸಿದರೆ ಸಾಲದು, ಅದರ ಮೇಲೇನಿದೆ ಅಂತ ಓದಬೇಕು.

ಓದುವುದೇ ಒಂದು ಕೆಲಸ

ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ. ಆಫೀಸಿನ ಕಾಗದವೆಲ್ಲ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಕಟ್ಟಿನಲ್ಲಿ ಬಂದ ಸ್ಟಿಕ್‌ಗಳು ಬೆಂಗಳೂರಿನಿಂದ ಒಣಗಿಯೇ ಬಂದಿದ್ದವು. ಆದರೆ ಮೆಷೀನ್ ಒಳಗಿದ್ದ ಹಳೇ 2 ಜಿಬಿ ಸ್ಟಿಕ್ ನೋಡಬೇಕಿತ್ತು. ಚಿಪ್ ಮೇಲೆ ಬೂಷ್ಟು, ಚಿನ್ನದ ಬಣ್ಣದ ಪಿನ್‌ಗಳ ತುದಿಯಲ್ಲಿ ಮಬ್ಬು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕಂಪ್ಯೂಟರ್ ದಿನಾ ಸ್ವಲ್ಪ ಹೊತ್ತಾದರೂ ಓಡುತ್ತಿರಬೇಕು, ಅದರ ಬಿಸಿಗೇ ಒಳಗೆ ಒಣಗಿರುತ್ತದೆ. ಕುಯ್ಲು ಮುಗಿದ ಮೇಲೆ ಬಟ್ಟೆ ಹೊದಿಸಿ ಮುಚ್ಚಿಟ್ಟರೆ ಹೀಗೇ ಆಗುವುದು.

ಚಿಪ್ ಮೇಲಿನ ಅಕ್ಷರ ಲೇಸರ್‌ನಲ್ಲಿ ಕೊರೆದದ್ದು. ಕಪ್ಪಿನ ಮೇಲೆ ಕಡು ಬೂದು. ಟ್ಯೂಬ್‌ಲೈಟ್ ಕೆಳಗೆ ಎದುರಿಗೆ ಹಿಡಿದರೆ ಏನೂ ಕಾಣಿಸುವುದಿಲ್ಲ. ಮೊದಲು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಗೋಂದು, ಧೂಳು ಒರೆಸಿದೆ. ಆಮೇಲೆ ರೂಮಿನ ಲೈಟ್ ಆರಿಸಿ, ಟಾರ್ಚನ್ನು ಸ್ಟಿಕ್‌ನ ಪಕ್ಕಕ್ಕೆ ಮಲಗಿಸಿ ಇಟ್ಟೆ. ಬೆಳಕು ಓರೆಯಾಗಿ ಬಿದ್ದಾಗ ಅಕ್ಷರಗಳು ಎದ್ದು ಬರುತ್ತವೆ. ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದುವುದೇ ಸುಲಭ. 8 ಮತ್ತು ಬಿ, 0 ಮತ್ತು ಡಿ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಹಾಗಾಗಿ ಒಂದೇ ಸ್ಟಿಕ್‌ನ ಎರಡು ಮೂರು ಚಿಪ್ ಓದಿ ತಾಳೆ ಹಾಕಬೇಕು.

ಮೊದಲು ಕೈಗೆ ಬಂದದ್ದು ಸ್ಯಾಮ್‌ಸಂಗ್ ಚಿಪ್‌ಗಳ ಸ್ಟಿಕ್. ಎರಡೂ ಬದಿ ಸೇರಿ 16. ಚಿಪ್‌ನ ಮೊದಲ ಸಾಲಿನಲ್ಲಿ "ಎಸ್‌ಇಸಿ 113", ಪಕ್ಕದಲ್ಲಿ "ಎಚ್‌ಸಿಎಚ್9". ಎರಡನೇ ಸಾಲು "ಕೆ4ಬಿ2ಜಿ08". ಮೂರನೇ ಸಾಲು "46ಸಿ".

ಎಸ್‌ಇಸಿ ಅಂದರೆ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್. 113ರಲ್ಲಿ ಮೊದಲ 1 ವರ್ಷದ ಕೊನೆಯ ಅಂಕಿ, 13 ವಾರ. ಡಿಡಿಆರ್3 ಬಂದದ್ದೇ 2007ರಲ್ಲಿ, ಈ ಚಿಪ್‌ಗೆ 2021 ಆಗುವಷ್ಟು ಹೊಸತನ ಇಲ್ಲ, ಆದ್ದರಿಂದ 2011ರ 13ನೇ ವಾರ. ಎರಡನೇ ಸಾಲಿನಲ್ಲಿ ಕೆ ಅಂದರೆ ಮೆಮೊರಿ, 4 ಅಂದರೆ ಡಿರ‍್ಯಾಮ್, ಬಿ ಅಂದರೆ ಡಿಡಿಆರ್3. 2ಜಿ ಅಂದರೆ 2 ಗಿಗಾಬಿಟ್. ಸಾಲಿನ ಕೊನೆಯ 08, ಅದೇ ನಮಗೆ ಬೇಕಾದ ಅಗಲ, 8 ಬಿಟ್.

ಇಲ್ಲಿ ಒಂದು ಎಚ್ಚರ. ಮೂರನೇ ಸಾಲಿನ 46 ನೋಡಿ "ಅರೆ, 4 ಬಿಟ್" ಅನ್ನುವವರಿದ್ದಾರೆ. ಆ 4 ಅನ್ನುವುದು ಚಿಪ್ ಒಳಗೆ 8 ಬ್ಯಾಂಕ್ (ಮೆಮೊರಿಯ ವಿಭಾಗ) ಇವೆ ಅನ್ನುವುದರ ಗುರುತು, 6 ವಿದ್ಯುತ್ ಸಂಪರ್ಕದ ಬಗೆ. ಅಗಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಗಲ ಇರುವುದು ಎರಡನೇ ಸಾಲಿನ ತುದಿಯಲ್ಲಿ. ಅಲ್ಲಿ 04 ಇದ್ದರೆ ಆ ಸ್ಟಿಕ್ ಜಿ41ಗೆ ಬೇಡ. ಕೊನೆಯ ಸಿ ಅನ್ನುವುದು ಚಿಪ್‌ನ ಎಷ್ಟನೇ ಆವೃತ್ತಿ ಅನ್ನುವುದಕ್ಕೆ. ಸ್ಯಾಮ್‌ಸಂಗ್‌ನವರು ಎಂ ಇಂದ ಶುರು ಮಾಡಿ ಆಮೇಲೆ ಎ, ಬಿ, ಸಿ ಅಂತ ಹೋಗುತ್ತಾರೆ, ಅಂದರೆ ಇದು ನಾಲ್ಕನೆಯದು.

ಎಚ್‌ಸಿಎಚ್9ರಲ್ಲಿ ನಡುವಿನ ಸಿ ಮಾಮೂಲಿ 1.5 ವೋಲ್ಟ್. ಅಲ್ಲಿ ವೈ ಇದ್ದರೆ 1.35 ವೋಲ್ಟ್, ಅಂದರೆ ಡಿಡಿಆರ್3ಎಲ್. ಕೊನೆಯ ಎಚ್9 ವೇಗ: 1333, ತಡದ ಅಂಕಿ 9-9-9. ಕೆ0 ಇದ್ದರೆ 1600, ಎಫ್8 ಇದ್ದರೆ 1066. 1.35 ವೋಲ್ಟಿನ ಸ್ಟಿಕ್ 1.5ರಲ್ಲೂ ಓಡುತ್ತದೆ, ಹಾಗಾಗಿ ಹಳೇ ಡೆಸ್ಕ್‌ಟಾಪ್‌ಗೆ ಇದು ತಲೆನೋವಲ್ಲ. 1.35 ವೋಲ್ಟ್ ಮಾತ್ರ ಕೊಡುವ ಲ್ಯಾಪ್‌ಟಾಪ್‌ಗೆ 1.5ರದ್ದು ಹಾಕಿದಾಗ ತಕರಾರು ಬರುತ್ತದೆ.

ಈ ಸ್ಟಿಕ್ ಪಾಸ್. ಮಾಸ್ಕಿಂಗ್ ಟೇಪ್ ಮೇಲೆ "2ಜಿ x 8, 16" ಅಂತ ಬರೆದು ಅಂಟಿಸಿ ಪಕ್ಕಕ್ಕಿಟ್ಟೆ.

ಮುಂದಿನದಕ್ಕೆ ಅಂಗಡಿಯ ಚೀಟಿ ಇತ್ತು. ಅದೂ 16 ಚಿಪ್, ಹೈನಿಕ್ಸ್. ಫೋಟೊ ದೊಡ್ಡದು ಮಾಡಿದಾಗ ಕಂಡದ್ದು "ಎಚ್5ಟಿಕ್ಯೂ2ಜಿ43ಬಿಎಫ್‌ಆರ್", ಕೆಳಗೆ "ಎಚ್9ಸಿ". ಎಚ್ ಅಂದರೆ ಹೈನಿಕ್ಸ್, 5 ಡಿರ‍್ಯಾಮ್, ಟಿ ಡಿಡಿಆರ್3, ಕ್ಯೂ 1.5 ವೋಲ್ಟ್ (ಅದರ ಜಾಗದಲ್ಲಿ ಸಿ ಇದ್ದರೆ 1.35), 2ಜಿ ಗೊತ್ತೇ ಇದೆ. ಅದರ ಮುಂದಿನ ಒಂದೇ ಅಂಕಿ ಅಗಲ. ಇಲ್ಲಿ ಅದು 4. ಅದರ ಪಕ್ಕದ 3 ಬ್ಯಾಂಕಿನ ಗುರುತು. ನಮಗೆ ಬೇಕಾದದ್ದು 83, ಇರುವುದು 43.

ಚೀಟಿಯಲ್ಲಿ "ಡೆಸ್ಕ್‌ಟಾಪ್ 4 ಜಿಬಿ" ಅಂತ ಇತ್ತು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಇಂಥ ಸ್ಟಿಕ್ ಹಳೇ ಎಎಂಡಿ ಬೋರ್ಡ್‌ಗಳಲ್ಲಿ ಓಡುತ್ತದೆ, ಇಂಟೆಲ್‌ನ ಮಾಮೂಲಿ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಓಡುವುದಿಲ್ಲ. 4 ಬಿಟ್ ಅಗಲದ ಚಿಪ್ ಸರ್ವರ್ ಮೆಮೊರಿಯಲ್ಲಿ ಮಾಮೂಲು. ಪ್ರಾಮಾಣಿಕವಾಗಿ ಮಾರುವವರು ಪ್ಯಾಕೆಟ್ ಮೇಲೆ "ಎಎಂಡಿಗೆ ಮಾತ್ರ" ಅಂತ ಹಾಕುತ್ತಾರೆ. ಚೀಟಿ ಬದಲಾಯಿಸಿದಾಗ ಆ ಮಾತು ಮಾಯವಾಗುತ್ತದೆ.

ಇನ್ನೊಂದು ಹೈನಿಕ್ಸ್ ಸ್ಟಿಕ್‌ನಲ್ಲಿ ಒಂದೇ ಬದಿಗೆ 8 ಚಿಪ್, "ಎಚ್5ಟಿಕ್ಯೂ4ಜಿ83", ಕೆಳಗೆ "ಪಿಬಿಸಿ". 4 ಗಿಗಾಬಿಟ್, 8 ಬಿಟ್, ಪಿಬಿ ಅಂದರೆ 1600. ಸ್ಟಿಕ್ ಚೆನ್ನಾಗಿದೆ, ನಮ್ಮ ಬೋರ್ಡಿಗಲ್ಲ. ಇದರ ಮೇಲೆ "ಎಸ್‌ಕೆ ಹೈನಿಕ್ಸ್" ಅಂತ ಇದೆ, ಹಿಂದಿನದರ ಮೇಲೆ ಬರೀ "ಹೈನಿಕ್ಸ್". ಕಂಪನಿ ಎಸ್‌ಕೆ ಗುಂಪಿಗೆ ಸೇರಿದ್ದು 2012ರಲ್ಲಿ. ವಾರದ ಅಂಕಿ ಅಳಿಸಿಹೋಗಿದ್ದರೂ ಹೆಸರು ನೋಡಿಯೇ ಹೆಚ್ಚುಕಮ್ಮಿ ಕಾಲ ಹೇಳಬಹುದು.

ಎರಡನೇ ಪಾಸ್ ಸಿಕ್ಕಿದ್ದು ಎಲ್ಪಿಡಾದಲ್ಲಿ. ಜಪಾನಿನ ಈ ಕಂಪನಿ 2012ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, 2013ರಲ್ಲಿ ಮೈಕ್ರಾನ್ ಕೊಂಡುಕೊಂಡಿತು. ಹಳೇ ಮೆಷೀನ್‌ಗಳಲ್ಲಿ ಅದರ ಚಿಪ್ ಈಗಲೂ ಸಿಗುತ್ತವೆ. ಕಂಪನಿಯ ಪಟ್ಟಿಯಲ್ಲಿ ಪೂರ್ತಿ ಹೆಸರು ಇಡಿಜೆ ಅಂತ ಶುರುವಾಗುತ್ತದೆ, ಚಿಪ್ ಮೇಲೆ ಮೊದಲ ಎರಡು ಅಕ್ಷರ ಬಿಟ್ಟಿರುತ್ತಾರೆ. ನನ್ನ ಕೈಯಲ್ಲಿದ್ದದ್ದು "ಜೆ2108ಬಿಸಿಎಸ್‌ಇ-ಡಿಜೆ-ಎಫ್". ಜೆ ಅಂದರೆ ಡಿಡಿಆರ್3, ಅದರ ಮುಂದಿನ 2 ಗಿಗಾಬಿಟ್, 08 ಅಗಲ, ಡಿಜೆ ಅಂದರೆ 1333. ಹದಿನಾರು ಚಿಪ್. ಟೇಪ್ ಅಂಟಿಸಿದೆ.

ಮೈಕ್ರಾನ್ ಮಾತ್ರ ಬೇರೆ ಜಾತಿ. ಚಿಪ್ ಮೇಲೆ ಪಾರ್ಟ್ ನಂಬರೇ ಇರುವುದಿಲ್ಲ. ಎರಡು ಸಾಲು, ಕೆಳಗಿನದು ಡಿ9 ಇಂದ ಶುರುವಾಗುವ ಐದು ಅಕ್ಷರ. ಅದನ್ನು ಎಷ್ಟು ದಿಟ್ಟಿಸಿದರೂ ಅಗಲ ಕಾಣಿಸುವುದಿಲ್ಲ, ಮೈಕ್ರಾನ್‌ನವರ ಜಾಲತಾಣದಲ್ಲಿ ಹಾಕಿ ನೋಡಬೇಕು. ಉತ್ತರ ಎಂಟಿ41ಜೆ256ಎಂ8 ಥರ ಬರುತ್ತದೆ. 41 ಡಿಡಿಆರ್3, ಜೆ 1.5 ವೋಲ್ಟ್, ಕೆ ಆದರೆ 1.35. ಉಳಿದದ್ದು ಸುಮ್ನೆ ಗುಣಾಕಾರ: 256 ಮೆಗಾ ಗುಣಿಸು 8, ಅಂದರೆ 2 ಗಿಗಾಬಿಟ್, 8 ಬಿಟ್ ಅಗಲ. ಕೊನೆಯಲ್ಲಿ -15ಇ ಇದ್ದರೆ 1.5 ನ್ಯಾನೊಸೆಕೆಂಡ್, ಅಂದರೆ 1333. -125 ಇದ್ದರೆ 1600. ಒಮ್ಮೆ ಹುಡುಕಿಕೊಂಡರೆ ಇಷ್ಟು ಸ್ಪಷ್ಟವಾಗಿ ಯಾರೂ ಬರೆಯುವುದಿಲ್ಲ, ಆದರೆ ಹುಡುಕಲು ನೆಟ್ ಬೇಕು. ಆ ಹೊತ್ತಿಗೆ ಗಾಳಿಮಳೆಗೆ ಟವರ್ ಕೈಕೊಟ್ಟಿತ್ತು. ಮೈಕ್ರಾನ್ ಸ್ಟಿಕ್‌ಗಳನ್ನು ಹಾಗೇ ಬಿಟ್ಟೆ.

ಸ್ಟಿಕ್ ಮಾಡುವ ಕಂಪನಿಗಳೇ ತಮ್ಮ ಸ್ವಂತ ನಂಬರ್ ಹೊಡೆದ ಚಿಪ್‌ಗಳೂ ಇರುತ್ತವೆ. ಅವನ್ನು ಬಿಡಿಸಲು ಹೋಗುವುದು ನನಗೆ ಸಮಯ ದಂಡ ಅನಿಸುತ್ತದೆ. ಅಕ್ಷರದ ಸುತ್ತ ಮೇಲ್ಮೈ ಉಜ್ಜಿದ ಹಾಗೆ ಕಂಡರೆ, ಅಥವಾ ಒಂದೇ ಸ್ಟಿಕ್‌ನಲ್ಲಿ ಬೇರೆ ಬೇರೆ ವರ್ಷದ ಚಿಪ್ ಇದ್ದರೆ ಅದನ್ನೂ ಪಕ್ಕಕ್ಕಿಡುತ್ತೇನೆ. ನಡುವೆ ಬೇರೆ ಅಳತೆಯ ಒಂದು ಚಿಪ್ ಕೂತಿದ್ದು, ಮೆಮೊರಿ ಚಿಪ್ 9 ಅಥವಾ 18 ಇದ್ದರೆ ಅದು ಸರ್ವರ್‌ನ ರಿಜಿಸ್ಟರ್ಡ್ ಸ್ಟಿಕ್. ಓದುವ ಅಗತ್ಯವೇ ಇಲ್ಲ.

ಕಂಪನಿಯ ಮೂಲ ಲೇಬಲ್ ಉಳಿದಿದ್ದರೆ ಕೆಲಸ ಹಗುರ. "4ಜಿಬಿ 2ಆರ್‌ಎಕ್ಸ್8 ಪಿಸಿ3-10600ಯು-09-10-ಬಿ0" ಅನ್ನೋ ಸಾಲಿನಲ್ಲಿ ಎಲ್ಲವೂ ಇದೆ. 10600 ಅಂದರೆ ಸೆಕೆಂಡಿಗೆ ಸುಮಾರು 10,600 ಎಂಬಿ, 1333ನ್ನು 8ರಿಂದ ಗುಣಿಸಿದ್ದು. ಯು ಅಂದರೆ ಮಾಮೂಲಿ ಡೆಸ್ಕ್‌ಟಾಪ್, ಎಸ್ ಲ್ಯಾಪ್‌ಟಾಪ್, ಆರ್ ರಿಜಿಸ್ಟರ್ಡ್. 09 ಸಿಎಎಸ್ ಲೇಟೆನ್ಸಿ, ಅಂದರೆ ಕೇಳಿದ ಮೇಲೆ ಉತ್ತರಕ್ಕೆ ಹಿಡಿಯುವ ತಡ. ಕೊನೆಯ ಬಿ ಅನ್ನುವುದು ಬೋರ್ಡಿನ ವಿನ್ಯಾಸ, ಡೆಸ್ಕ್‌ಟಾಪ್ ಡಿಡಿಆರ್3ಯಲ್ಲಿ ಬಿ ಅಂದರೆ 2ಆರ್‌ಎಕ್ಸ್8. ಒಂದೇ ವಿಷಯ ಎರಡು ಕಡೆ ಹೇಳಿದೆ, ತಾಳೆ ನೋಡಲು ಒಳ್ಳೆಯದು.

ಜೋಡಿಸಿದ್ದು

ಪಿನ್‌ಗಳನ್ನು ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಆಲ್ಕೊಹಾಲ್‌ನಿಂದ ಒರೆಸಿದೆ. ಸ್ಲಾಟ್ ಒಳಗೆ ಒಣ ಬ್ರಷ್. ಸ್ಯಾಮ್‌ಸಂಗ್ ಸ್ಟಿಕ್ ಒಂದನ್ನೇ ಹಾಕಿ ಆನ್ ಮಾಡಿದೆ, 4096 ಎಂಬಿ ತೋರಿಸಿತು. ಎಲ್ಪಿಡಾ ಒಂದನ್ನೇ ಹಾಕಿದೆ, ಅದೂ 4096. ಎರಡೂ ಸೇರಿ 8192. ವೇಗ 1066 ಅಂತ ಬಂತು. ಸ್ಟಿಕ್ 1333 ಇದ್ದರೂ ಜಿ41 ಡಿಡಿಆರ್3ಯನ್ನು ಮಾಮೂಲಿಯಾಗಿ 1066ಕ್ಕಿಂತ ಜೋರಾಗಿ ಓಡಿಸುವುದಿಲ್ಲ, ಇ7500ರ ಬಸ್ ವೇಗವೂ 1066ರದ್ದೇ. ಬೇರೆ ಬೇರೆ ಕಂಪನಿಯ ಸ್ಟಿಕ್ ಜೊತೆಗಿಟ್ಟರೆ ಆಗುವುದಿಲ್ಲ ಅನ್ನುವವರಿಗೆ ಹೇಳುವುದಿಷ್ಟೇ: ಅಗಲ, ಸಾಂದ್ರತೆ (ಒಂದು ಚಿಪ್ ಎಷ್ಟು ಗಿಗಾಬಿಟ್), ರ‍್ಯಾಂಕ್ ಒಂದೇ ಇದ್ದರೆ ಹೆಸರು ಯಾವುದಾದರೇನು.

ಕುತೂಹಲಕ್ಕೆ 43ರ ಹೈನಿಕ್ಸ್ ಸ್ಟಿಕ್ಕನ್ನೂ ಹಾಕಿ ನೋಡಿದೆ. ಉದ್ದ ಬೀಪ್, ಕಪ್ಪು ಪರದೆ. ಚಿಪ್ ಹೇಳಿದ್ದೇ ಆಯಿತು.

ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿ ಪೂರ್ತಿ ಬಿಟ್ಟೆ, ಆಫೀಸಿನ ಇನ್ವರ್ಟರ್ ಇದ್ದದ್ದರಿಂದ ಕರೆಂಟ್ ಹೋದರೂ ನಿಲ್ಲಲಿಲ್ಲ. ಬೆಳಿಗ್ಗೆ ತಪ್ಪು ಸೊನ್ನೆ. ಅದೇ ಕಟ್ಟಿನ ಇನ್ನೊಂದು ಸ್ಟಿಕ್ ಮಾತ್ರ ಶುರುವಿನಲ್ಲೇ ಕೆಂಪು ತೋರಿಸಿತು. ತಪ್ಪಾದ ಬಿಟ್‌ಗಳೆಲ್ಲ ಒಂದೇ ಎಂಟರ ಗುಂಪಿನೊಳಗೆ ಬೀಳುತ್ತಿದ್ದವು. 8 ಬಿಟ್ ಅಗಲದ ಚಿಪ್ ಅಲ್ವಾ, ಹಾಗಾದರೆ ಹಾಳಾಗಿರುವುದು ಬಹುಶಃ ಒಂದೇ ಚಿಪ್. ಅದನ್ನು ಕಿತ್ತು ಬೇರೆ ಹಾಕುವ ಸಲಕರಣೆ ಕೊಡಗಿನಲ್ಲಿ ನನ್ನ ಬಳಿ ಇಲ್ಲ, ಇದ್ದರೂ ಈ ಬೆಲೆಯ ಸ್ಟಿಕ್‌ಗೆ ಆ ಶ್ರಮ ದಂಡ. ಗುಜರಿಗೆ.

ಇಷ್ಟಾದ ಮೇಲೆ ಪರದೆಯಲ್ಲಿ ಬಳಕೆಗೆ ಸಿಗುವುದು 3 ಜಿಬಿ ಚಿಲ್ಲರೆ ಅಂತ ಬಂತು. ರೈಟರ್ ಮುಖ ಸಣ್ಣದಾಯಿತು. "ಎಂಟು ಅಂದಿದ್ದೆ?" ಅಂದರು. ಮೆಷೀನ್‌ನಲ್ಲಿದ್ದದ್ದು 32 ಬಿಟ್ ವಿಂಡೋಸ್, ಅದಕ್ಕೆ ಅಷ್ಟೇ ಕಾಣುವುದು. ಪ್ರೊಸೆಸರ್ 64 ಬಿಟ್‌ನದೇ. ಕಡತಗಳ ನಕಲು ತೆಗೆದಿಟ್ಟು 64 ಬಿಟ್ ಲಿನಕ್ಸ್ ಮಿಂಟ್ ಹಾಕಿದೆ, ಚೆಕ್‌ರೋಲ್ ಹಾಳೆ ಲಿಬ್ರೆ ಆಫೀಸ್‌ನಲ್ಲಿ ತೆರೆದುಕೊಂಡಿತು, ಪ್ರಿಂಟರ್ ತಾನಾಗಿ ಸಿಕ್ಕಿತು.

ಲಿನಕ್ಸ್ ಇದ್ದುದರಿಂದ ಇನ್ನೊಂದು ತಾಳೆಯೂ ಆಯಿತು. ಪ್ರತಿ ಸ್ಟಿಕ್‌ನಲ್ಲೂ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇರುತ್ತದೆ, ಎಸ್‌ಪಿಡಿ. ಡಿಡಿಆರ್3ಯಲ್ಲಿ ಅದು 256 ಬೈಟ್. ಮೆಷೀನ್ ಆನ್ ಆದಾಗ ಮೊದಲು ಓಡುವ ಬಯಾಸ್, ಸ್ಟಿಕ್‌ನ ಗುಣ ತಿಳಿದುಕೊಳ್ಳುವುದು ಅದರಿಂದಲೇ. ಲಿನಕ್ಸ್‌ನ ಡಿಕೋಡ್-ಡಿಮ್ಸ್ ಅನ್ನುವ ಕಮಾಂಡ್ ಓಡಿಸಿದರೆ ಅದನ್ನು ಬಿಡಿಸಿ ತೋರಿಸುತ್ತದೆ. ಕಚ್ಚಾ ಬೈಟ್ ನೋಡುವುದಾದರೆ ಸೊನ್ನೆಯಿಂದ ಎಣಿಸಿ 4ನೆಯದರ ಕೆಳ ಅರ್ಧದಲ್ಲಿ 3 ಇದ್ದರೆ 2 ಗಿಗಾಬಿಟ್, 4 ಇದ್ದರೆ 4 ಗಿಗಾಬಿಟ್. 7ನೆಯದು ಹೆಕ್ಸ್‌ನಲ್ಲಿ 09 ಇದ್ದರೆ 2ಆರ್‌ಎಕ್ಸ್8, 01 ಇದ್ದರೆ 1ಆರ್‌ಎಕ್ಸ್8, 00 ಇದ್ದರೆ 1ಆರ್‌ಎಕ್ಸ್4. ನಮ್ಮ ಎರಡೂ ಸ್ಟಿಕ್‌ಗಳಲ್ಲಿ 09 ಬಂತು. ಚೆನ್ನಾಗಿದೆ, ಆದರೆ ಇದನ್ನು ಓದಲು ಮೊದಲು ಮೆಷೀನ್ ಬೂಟ್ ಆಗಬೇಕಲ್ಲ. ಬೂಟ್ ಆಗದ ಸ್ಟಿಕ್‌ಗೆ ಟಾರ್ಚೇ ಗತಿ.

ಉಳಿದವಕ್ಕೆ ದಾರಿ ಸಿಕ್ಕಿತು. 4 ಗಿಗಾಬಿಟ್‌ನ ಹೈನಿಕ್ಸ್ ಸ್ಟಿಕ್ ನನ್ನ ಮನೆಯ ಮೂರನೇ ತಲೆಮಾರಿನ ಐ3 ಮೆಷೀನ್‌ಗೆ ಹೋಯಿತು. ಮೈಕ್ರಾನ್ ಕೋಡ್‌ಗಳನ್ನು ನೆಟ್ ಬಂದ ಮೇಲೆ ಹಾಕಿ ನೋಡಿದೆ, ಒಂದು 2 ಗಿಗಾಬಿಟ್ 8 ಬಿಟ್‌ನದೇ, ಅದನ್ನು ರೈಟರ್ ಮೇಜಿನ ಖಾನೆಯಲ್ಲಿ ಸ್ಪೇರ್ ಅಂತ ಇಟ್ಟಿದ್ದೇನೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ. 43ರ ಸ್ಟಿಕ್ಕನ್ನು ಕುಶಾಲನಗರದ ಪರಿಚಯದವರೊಬ್ಬರ ಹಳೇ ಎಎಂಡಿ ಎಎಂ3 ಬೋರ್ಡಿಗೆ ಹಾಕಿದೆವು. ಒಂದೇ ಏಟಿಗೆ ಬೂಟ್ ಆಯಿತು, 4 ಜಿಬಿ ಪೂರ್ತಿ.